ಸಿಸ್ಟಮ್ಯಾಟಿಕ್ ರಿವ್ಯೂ: ಲೈಬ್ರರಿಯನ್ ಹತ್ತಿರ ಏನಂತ ಕೇಳಬೇಕು?

ಪಿಜಿ ಎರಡನೇ ವರ್ಷ:
ನಾನು ಕಮ್ಯುನಿಟಿ ಮೆಡಿಸಿನ್ ಪಿಜಿ. ಕರ್ನಾಟಕದ ಗರ್ಭಿಣಿಯರು ಐರನ್ ಮಾತ್ರೆಯನ್ನು ಯಾಕೆ ಅರ್ಧಕ್ಕೇ ಬಿಡುತ್ತಾರೆ ಎಂಬುದು ನನ್ನ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗೆ ನೋಡುವುದು) ವಿಷಯ. ಎರಡು ವಾರದಿಂದ ವೈದ್ಯಕೀಯ ಪೇಪರ್ ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಹುಡುಕುತ್ತಿದ್ದೇನೆ. ಒಂದು ಪದ ತೆಗೆದರೆ ಸಾವಿರಾರು ಪೇಪರ್ ಬರುತ್ತವೆ, ಸೇರಿಸಿದರೆ ಆರೇಳು. ಗೈಡ್ ಸರ್ "ಲೈಬ್ರರಿಗೆ ಹೋಗಮ್ಮ" ಅಂದರು. ಪುಸ್ತಕ ತರೋದು ಬಿಟ್ಟರೆ ನಾನು ಅಲ್ಲಿ ಯಾರ ಹತ್ತಿರವೂ ಮಾತಾಡಿದವಳಲ್ಲ. ಹೋಗಿ ಏನಂತ ಕೇಳಲಿ?

ಮೆಡಿಕಲ್ ಲೈಬ್ರರಿಯನ್:
ನಾಳೆಯೇ ಹೋಗಿಮ್ಮ. ಹುಡುಕಿ ಮುಗಿದ ಮೇಲೆ ಬರುವವರೇ ಜಾಸ್ತಿ, ಆಗ ಎಲ್ಲವನ್ನೂ ಮೊದಲಿಂದ ಮಾಡಬೇಕಾಗುತ್ತದೆ. ನಿಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜೊತೆಗೆ ರಿವ್ಯೂನಲ್ಲಿ ಇರಲೇಬೇಕು ಅನ್ನಿಸುವ ನಾಲ್ಕೈದು ಪೇಪರ್ ಒಯ್ಯಿರಿ. ನಾವು ಕಟ್ಟಿದ ಸರ್ಚ್‌ನಲ್ಲಿ ಅವು ಬರಲಿಲ್ಲ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ನಿಮ್ಮ ವಿಷಯದಲ್ಲಿ ಊರಿನ ಹೆಸರುಗಳನ್ನು ಜೋಪಾನವಾಗಿ ನೋಡಿ. ಎಷ್ಟೋ ಸಾರಾಂಶಗಳಲ್ಲಿ 'ಕರ್ನಾಟಕ' ಇರುವುದೇ ಇಲ್ಲ, ಬರೀ ಊರು ಇರುತ್ತದೆ. 2014ರ ನವೆಂಬರ್‌ನಲ್ಲಿ ಹೆಸರುಗಳೂ ಬದಲಾದವು. ಗುಲ್ಬರ್ಗಾ, ಕಲಬುರಗಿ ಎರಡೂ ಬೇಕು. ಬೆಳಗಾಂ, ಬೆಳಗಾವಿ ಎರಡೂ ಬೇಕು. ಅನೀಮಿಯಾಕ್ಕೂ ಬ್ರಿಟಿಷ್, ಅಮೆರಿಕನ್ ಎರಡು ಸ್ಪೆಲಿಂಗ್ ಕೊಡಿ.

ಇನ್ನೊಂದು ಮಾತು. ಮೆಶ್ ಪದಗಳನ್ನಷ್ಟೇ (ಪೇಪರ್‌ಗಳಿಗೆ ಹಚ್ಚುವ ನಿಗದಿತ ವಿಷಯ ಪದಗಳು) ನಂಬಬೇಡಿ. ಪಬ್‌ಮೆಡ್‌ನಲ್ಲಿರುವ ಎಲ್ಲವೂ ಮೆಶ್ ಪದ ಹಚ್ಚುವ ಪಟ್ಟಿಯಾದ ಮೆಡ್‌ಲೈನ್‌ನಲ್ಲಿಲ್ಲ. ನಮ್ಮ ದೇಶದ ಎಷ್ಟೋ ಜರ್ನಲ್‌ಗಳು ಪಿಎಂಸಿ (ಪೂರ್ತಿ ಪೇಪರ್‌ಗಳನ್ನು ಉಚಿತವಾಗಿ ಇಡುವ ಭಂಡಾರ) ಮೂಲಕ ಬಂದವು, ಅವುಗಳ ಪೇಪರ್‌ಗಳಿಗೆ ಮೆಶ್ ಹಚ್ಚಿರುವುದಿಲ್ಲ. ಹಾಗಾಗಿ ಶೀರ್ಷಿಕೆ, ಸಾರಾಂಶದಲ್ಲಿರುವ ಮಾತುಗಳನ್ನೂ ಸೇರಿಸಿ ಹುಡುಕಬೇಕು.

ಥೀಸಿಸ್ ಮುಗಿಸಿದವನು:
ಮೇಡಂ ಹೇಳಿದ್ದು ನಿಜ. ನಾನು ಯಾವ ಡೇಟಾಬೇಸ್‌ನಲ್ಲಿ ಯಾವ ದಿನ ಹುಡುಕಿದೆ ಅಂತ ಬರೆದಿಟ್ಟಿರಲಿಲ್ಲ. ಇಂಥ ರಿವ್ಯೂ ಬರೆಯುವ ಮಾರ್ಗಸೂಚಿ ಪ್ರಿಸ್ಮಾ 2020 ಅದನ್ನು ಕೇಳುತ್ತದೆ, ಪೂರ್ತಿ ಸರ್ಚ್ ಸಾಲುಗಳನ್ನೂ ಕೇಳುತ್ತದೆ. ಒಂದು ತಿಂಗಳ ಕೆಲಸ ಮತ್ತೆ ಮಾಡಿದೆ. ಲೈಬ್ರರಿಯನ್ ಕೂತು ಸರ್ಚ್ ಕಟ್ಟಿಕೊಟ್ಟರೆ ಪೇಪರ್‌ನಲ್ಲಿ ಅವರ ಹೆಸರನ್ನೂ ಹಾಕಿ. ಬರೀ ಕೃತಜ್ಞತೆಯ ಸಾಲಿನಲ್ಲಿ ಅಲ್ಲ, ಲೇಖಕರ ಸಾಲಿನಲ್ಲಿ. ಈ ಮಾತನ್ನು ಮೊದಲೇ ಆಡಿಕೊಳ್ಳಿ.

ಪಿಜಿ ಎರಡನೇ ವರ್ಷ:
ಇವತ್ತು ಹೋಗಿದ್ದೆ. ಮಧ್ಯಾಹ್ನ ಪೂರ್ತಿ ನನ್ನ ಜೊತೆ ಕೂತರು. ಒಯ್ದ ಐದು ಪೇಪರ್‌ನಲ್ಲಿ ನಾಲ್ಕೇ ಸಿಕ್ಕವು. ಸಿಗದ ಐದನೆಯದರಲ್ಲಿ ಊರು 'ಗುಲ್ಬರ್ಗಾ' ಅಂತಲೇ ಇತ್ತು. ನಾನು ಕಲಬುರಗಿ ಅಂತ ಮಾತ್ರ ಕೊಟ್ಟಿದ್ದೆ.