ಪದಚರ್ಚೆ: ಹವಳದ ತೊಟ್ಟಿ ಇರುವ ಕೋಣೆಯ ‘ಹ್ಯುಮಿಡಿಟಿ’ಗೆ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಹಾಳೆ ಅನುವಾದಕ್ಕೆ ಬಂದಿದೆ. ನಾಳೆ ಸಂಜೆ ಲ್ಯಾಮಿನೇಶನ್‌ಗೆ ಕೊಡಬೇಕು. ಇಲ್ಲೊಬ್ಬರು ಹೊಸ ಮನೆ ಕಟ್ಟಿಸುವಾಗ ಹಾಲ್‌ನ ಗೋಡೆಯಲ್ಲೇ ಸಾವಿರ ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಕೂರಿಸಿದ್ದಾರೆ. ಬರೀ ಮೀನಲ್ಲ, ಹವಳ ಸಾಕುವಂಥದ್ದು. ಮನೆಯವರು ಊರಲ್ಲಿ ಇಲ್ಲದಾಗ ಅದನ್ನು ನೋಡಿಕೊಳ್ಳುವವರು ಸೇಡಂ ಕಡೆಯ ಒಬ್ಬರು. ಕನ್ನಡ ಸಲೀಸಾಗಿ ಓದುತ್ತಾರೆ, ಇಂಗ್ಲಿಷ್ ಇಲ್ಲ. ಹಾಳೆ ಅವರಿಗಾಗಿ.

ಅದರಲ್ಲಿ ಇರುವುದು ಇಷ್ಟು. ನೀರು 25–26 ಡಿಗ್ರಿ ಇರಬೇಕು. 27 ದಾಟಿದರೆ ತೊಟ್ಟಿಯ ಮೇಲಿನ ಫ್ಯಾನ್ ಹಾಕಬೇಕು. ಫ್ಯಾನ್ ಹಾಕಿದರೆ ನೀರು ಬೇಗ ಕಡಿಮೆಯಾಗುತ್ತೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತೆ. ಅದಕ್ಕೆ ಕಡಿಮೆಯಾದಷ್ಟು ಸಿಹಿನೀರು ಸೇರಿಸಬೇಕು. ಗೋಡೆಯ ಮೀಟರಿನಲ್ಲಿ ಹ್ಯುಮಿಡಿಟಿ, ಅಂದರೆ ಗಾಳಿಯಲ್ಲಿರುವ ನೀರಿನ ಪಸೆ, 65 ದಾಟಿದರೆ ಕೋಣೆಯ ಗಾಳಿ ಹೊರಹಾಕುವ ಎಕ್ಸಾಸ್ಟ್ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಫ್ಯಾನ್ ನಿಲ್ಲಿಸಿ ಚಿಲ್ಲರ್ (ತೊಟ್ಟಿಯ ನೀರು ತಣ್ಣಗೆ ಮಾಡುವ ಯಂತ್ರ) ಹಾಕಬೇಕು. ತೊಟ್ಟಿಯ ಕೆಳಗಿರುವ ಸಂಪ್‌ನ ಮುಚ್ಚಳ ಹಾಕಿರಬೇಕು.

ನನಗೆ ತೊಡಕಾಗಿರುವುದು ಹ್ಯುಮಿಡಿಟಿ, ಇವಾಪೊರೇಶನ್ (ನೀರು ಆವಿಯಾಗೋದು), ಚಿಲ್ಲರ್, ಸಂಪ್. ಮೊದಲನೆಯದು ಮುಖ್ಯ. ‘ಆರ್ದ್ರತೆ’ ಅಂತ ಬರೆದು ಅವರಿಗೇ ಓದಲು ಕೊಟ್ಟೆ. ‘ಹಂಗಂದ್ರೇನ್ರೀ?’ ಅಂದರು.

ಬೀದರಿನಿಂದ:

ಆರ್ದ್ರತೆಯೇ ಸರಿ. ಶಾಲೆಯ ಪುಸ್ತಕದಲ್ಲಿದೆ, ಹವಾಮಾನ ವರದಿಯಲ್ಲಿದೆ. ಗೊತ್ತಿಲ್ಲದಿದ್ದರೆ ಕಲಿಯಲಿ. ಇದು ನಮ್ಮ ರೈತರಿಗೆ ಹೊಸದೂ ಅಲ್ಲ. ಜೂನ್ ಕೊನೆಗೆ ಆರಿದ್ರಾ ಮಳೆ ಹೂಡುತ್ತೆ ಅಲ್ವಾ? ಆ ಆರ್ದ್ರಾ, ಈ ಆರ್ದ್ರತೆ ಎರಡೂ ಒಂದೇ ಬೇರು. ಒದ್ದೆ ಅನ್ನುವ ಅರ್ಥ. ಸೇಡಂನವರಿಗೆ ಆರಿದ್ರಾ ಮಳೆ ಗೊತ್ತಿಲ್ಲ ಅಂದರೆ ನಾನು ನಂಬೋದಿಲ್ಲ.

ಮೈಸೂರಿನಿಂದ:

ಮಳೆಯ ಹೆಸರು ಗೊತ್ತಿದ್ದರೆ ಅದರ ಬೇರು ಗೊತ್ತಿರುತ್ತೆ ಅಂತ ಯಾರು ಹೇಳಿದ್ದು? ‘ರ್ದ್ರ’ ಅನ್ನುವ ಗಂಟು ಕನ್ನಡದ ನಾಲಿಗೆಗೆ ಒಗ್ಗದ್ದು. ಅದಕ್ಕೇ ಜನ ಅದನ್ನು ‘ಆರಿದ್ರಾ’ ಅಂತ ಬಿಡಿಸಿಕೊಂಡರು. ನಮ್ಮಲ್ಲಿ ‘ಉಬ್ಬೆ’ ಅನ್ನುವ ಚೆಂದದ ಪದ ಇದೆ. ಹಬೆ, ತೇವ, ಕಾವು ಮೂರೂ ಅದರೊಳಗಿವೆ. ಉಬ್ಬು, ಉಬ್ಬರ, ಉಬ್ಬಸ, ಎಲ್ಲ ಒಂದೇ ಬಳ್ಳಿಯವು ಅಂತ ನನ್ನ ಊಹೆ. ಗಾಳಿ ನೀರು ಕುಡಿದು ಉಬ್ಬುತ್ತೆ, ಅದು ಉಬ್ಬೆ. ‘ಉಬ್ಬೆ 65 ದಾಟಿದರೆ’ ಅಂತ ಬರೆಯಿರಿ. ಮುಗೀತು.

ಯಾದಗಿರಿಯಿಂದ:

ಮುಗಿದಿಲ್ಲ ರೀ. ಉಬ್ಬೆ ಅಂದರೆ ಅಗಸರು ಬಟ್ಟೆ ಬೇಯಿಸುವ ಹಬೆ. ಕಾವಿಲ್ಲದೆ ಉಬ್ಬೆ ಇಲ್ಲ. ಈ ಹಾಳೆಗೆ ಬೇಕಾದ್ದು ಕಾವು ಮತ್ತು ತೇವ ಎರಡನ್ನೂ ಬೇರೆ ಬೇರೆ ಮಾಡಿ ಹೇಳುವ ಪದ. ನಮ್ಮ ಮನೆಯಲ್ಲೂ ಒಂದು ಉಪ್ಪುನೀರಿನ ತೊಟ್ಟಿ ಇದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ಫ್ಯಾನ್ ಕೆಲಸ ಮಾಡೋದು ಆಗಲೇ. ಗಾಳಿ 40 ಡಿಗ್ರಿ, ಮೀಟರು 20 ತೋರಿಸುತ್ತಿದೆ ಅಂದುಕೊಳ್ಳಿ. ಆಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು 22–23ಕ್ಕೆ ಇಳಿಯುತ್ತೆ. ಜುಲೈನಲ್ಲಿ ಗಾಳಿ 30 ಡಿಗ್ರಿ, ಮೀಟರು 80. ಅದೇ ಥರ್ಮಾಮೀಟರು 27ರಲ್ಲೇ ನಿಂತುಬಿಡುತ್ತೆ. ಫ್ಯಾನ್ ಎಷ್ಟೇ ಬೀಸಿದರೂ ತೊಟ್ಟಿಯ ನೀರನ್ನು ಆ ಅಂಕೆಗಿಂತ ಕೆಳಗೆ ತರಲಾರದು. ಹೊರಗೆ ತಣ್ಣಗೆ ಮೋಡ ಕವಿದಿರುತ್ತೆ, ಒಳಗೆ ಹವಳ ಬೆಳ್ಳಗಾಗುತ್ತಾ ಹೋಗುತ್ತೆ. ಇದನ್ನು ‘ಸೆಕೆ’, ‘ಧಗೆ’, ‘ಝಳ’, ‘ಉಬ್ಬೆ’ ಅಂತ ಬರೆದರೆ ಓದುವವರು ಮೇ ತಿಂಗಳಲ್ಲಿ ಮೀಟರು ನೋಡುತ್ತಾರೆ, ಜುಲೈನಲ್ಲಿ ಅದರ ಕಡೆ ತಿರುಗಿಯೂ ನೋಡೋದಿಲ್ಲ.

ಇನ್ನೊಂದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬಿಸಿ ಹೀರಿಕೊಳ್ಳುತ್ತೆ. ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು. ತೊಟ್ಟಿ ತಣ್ಣಗಾಗೋದು ಅದರಿಂದಲೇ. ಆದರೆ ಆ ನೀರು ಎಲ್ಲಿಗೆ ಹೋಗುತ್ತೆ? ಕೋಣೆಯ ಗಾಳಿಗೆ. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಅರ್ಧ ಗಂಟೆಯಲ್ಲಿ ಮೈ ಅಂಟಂಟಾಗುತ್ತಲ್ಲ, ಅದೇ ಕಥೆ. ಮೊದಲು ಗಾಜಿನ ಅಂಚು ಬೆವರುತ್ತೆ, ಆಮೇಲೆ ಜಿಪ್ಸಮ್ ಸೀಲಿಂಗಿಗೆ ಬೂಷ್ಟು ಹಿಡಿಯುತ್ತೆ. ಎಸಿ ಇದ್ದರೆ ಆ ಆವಿಯನ್ನೆಲ್ಲ ಮತ್ತೆ ನೀರು ಮಾಡುವ ಹೊರೆ ಅದರ ಮೇಲೆ ಬೀಳುತ್ತೆ.

ಅಂದಹಾಗೆ ಎಕ್ಸಾಸ್ಟ್ ಸಾಲಿಗೆ ಒಂದು ಮಾತು ಸೇರಿಸಿ. ಹೊರಗೆ ಮಳೆ ಸುರಿಯುವಾಗ ಎಕ್ಸಾಸ್ಟ್ ಹಾಕಿದರೆ ಹೊರಗಿನ ಒದ್ದೆ ಗಾಳಿಯನ್ನೇ ಒಳಗೆ ಎಳೆದಂತಾಗುತ್ತೆ. ಆಗ ಅದು ಬೇಡ. ಚಿಲ್ಲರ್ ಹಾಕಿ ಮುಚ್ಚಳ ಮುಚ್ಚಬೇಕು. ಚಿಲ್ಲರಿನ ಬಿಸಿಗಾಳಿಯೂ ಹೊರಗೆ ಹೋಗುವಂತಿರಬೇಕು, ಹಾಲ್‌ಗೆ ಅಲ್ಲ.

ಕಲಬುರಗಿಯಿಂದ:

ಯಾದಗಿರಿ ಸರ್, ಭಾಳ ಉಪಕಾರ. ಮಳೆಯ ಸಾಲು ಮೂಲದಲ್ಲಿ ಇರಲಿಲ್ಲ, ಮಾಲೀಕರನ್ನು ಕೇಳಿ ಸೇರಿಸಿದೆ. ಪದ ಮಾತ್ರ ಇನ್ನೂ ಸಿಕ್ಕಿಲ್ಲ. ‘ತೇವಾಂಶ’ ಆಗಬಹುದಾ? ತೊಗರಿ ಮಾರಿದವರಿಗೆಲ್ಲ ಅದು ಗೊತ್ತು. ಖರೀದಿ ಕೇಂದ್ರದಲ್ಲಿ ಕಾಳು ಮೀಟರಿಗೆ ಹಾಕಿ ‘ತೇವಾಂಶ 12ರ ಒಳಗಿರಬೇಕು’ ಅಂತ ಹೇಳುತ್ತಾರೆ. ಸೇಡಂನವರು ಆ ಅಂಕೆ ನೋಡಿ ಚೀಲ ವಾಪಸ್ ಹೊತ್ತು ತಂದವರು. ಮೀಟರು, ಅಂಕೆ, ಇಷ್ಟು ದಾಟಬಾರದು ಅನ್ನುವ ಮಾತು, ಮೂರೂ ಅವರಿಗೆ ಆ ಪದದ ಜೊತೆಗೇ ಬಂದಿವೆ.

ಮೈಸೂರಿನಿಂದ:

ಅರಿಸಮಾಸ. ತೇವ ಕನ್ನಡ, ಅಂಶ ಸಂಸ್ಕೃತ. ಬೇಡ.

ಬೀದರಿನಿಂದ:

ಮೊದಲು ತೇವ ಕನ್ನಡ ಅಂತ ಸಾಬೀತು ಮಾಡಿ. ಸಂಸ್ಕೃತದಲ್ಲಿ ‘ತೇಮ’ ಇದೆ, ಒದ್ದೆ ಅಂತಲೇ ಅರ್ಥ. ತೇಮ ತೇವ ಆಗಿದ್ದರೆ ನಿಮ್ಮ ಅರಿಸಮಾಸ ಎಲ್ಲಿ ಉಳಿಯಿತು? ಇನ್ನು, ಬಿರುದಾವಳಿಯಲ್ಲೂ ಹಿಂದಿನವರು ಬಳಸಿದ ಕಡೆಯಲ್ಲೂ ಅರಿಸಮಾಸ ಆಗಬಹುದು ಅಂದವನು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ. ತೊಗರಿ ಮಾರುವವರು ಹಿಂದಿನವರಲ್ಲವೇ?

ಹಾಗಂತ ತೇವಾಂಶ ನನಗೂ ಒಪ್ಪಿಗೆ ಇಲ್ಲ, ಕಾರಣ ಬೇರೆ. ಕಾಳಿನ ತೇವಾಂಶ 12 ಅಂದರೆ ನೂರು ಗ್ರಾಂ ಕಾಳಿನಲ್ಲಿ 12 ಗ್ರಾಂ ನೀರು. ಗಾಳಿಯ 65 ಅಂದರೆ ನೂರರಲ್ಲಿ 65 ಪಾಲು ನೀರಲ್ಲ. ಆ ಬಿಸಿಯಲ್ಲಿ ಗಾಳಿ ಎಷ್ಟು ಆವಿ ಹಿಡಿದಿಟ್ಟುಕೊಳ್ಳಬಲ್ಲದೋ ಅದರಲ್ಲಿ 65 ಪಾಲು ತುಂಬಿದೆ ಅಂತ. ಅದಕ್ಕೇ ‘ಸಾಪೇಕ್ಷ ಆರ್ದ್ರತೆ’ ಅನ್ನೋದು. ಒಂದು ಹನಿ ನೀರು ಸೇರದಿದ್ದರೂ ಗಾಳಿ ತಣ್ಣಗಾದರೆ ಅಂಕೆ ಏರುತ್ತೆ. ಅಂಶ ಅನ್ನುವ ಪದಕ್ಕೆ ಇದನ್ನು ಹೇಳುವ ಶಕ್ತಿ ಇಲ್ಲ.

ಯಾದಗಿರಿಯಿಂದ:

ಮೇಷ್ಟ್ರೇ, ನೀವು ಹೇಳಿದ್ದು ನಿಜ. ಆದರೆ ಹಾಳೆ ಓದುವವರು ಪರೀಕ್ಷೆ ಬರೆಯುತ್ತಿಲ್ಲ. 65 ಕಂಡರೆ ಸ್ವಿಚ್ ಒತ್ತಬೇಕು, ಅಷ್ಟೇ. ‘ಗಾಳಿಯ ತೇವಾಂಶ’ ಅಂತ ಹಾಕಿ. ‘ಗಾಳಿಯ’ ಅನ್ನೋದನ್ನು ಬಿಡಬೇಡಿ, ಬಿಟ್ಟರೆ ಗೋಡೆಯ ತೇವ ಅಂದುಕೊಳ್ಳುತ್ತಾರೆ.

ಇವಾಪೊರೇಶನ್‌ಗೆ ‘ಬತ್ತು’ ಸಾಕು. ‘ನೀರು ಬತ್ತಿದಷ್ಟು’. ಯಾರಾದರೂ ‘ಇಂಗು’ ಅಂತ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಇಂಗೋದು ನೆಲಕ್ಕೆ. ‘ನೀರು ಇಂಗಿದರೆ’ ಅಂತ ಓದಿದವರು ತೊಟ್ಟಿ ಸೋರುತ್ತಿದೆ ಅಂತ ಮಾಲೀಕರಿಗೆ ಫೋನ್ ಮಾಡುತ್ತಾರೆ.

ಇದೆಲ್ಲಕ್ಕಿಂತ ಅಪಾಯ ನಿಮ್ಮ ‘ಸಿಹಿನೀರು’. ಅದರ ಬಗ್ಗೆ ಯಾರೂ ಮಾತೇ ಆಡಿಲ್ಲ. ನಮ್ಮ ಕಡೆ ಸಿಹಿನೀರು ಅಂದರೆ ಸವಳು ಇಲ್ಲದ ನೀರು, ನಳದ್ದೋ ಬೋರಿನದೋ. ಅದನ್ನೇ ಕೊಡದಲ್ಲಿ ತಂದು ಸುರಿಯುತ್ತಾರೆ, ಕ್ಲೋರಿನ್ನು ಸುಣ್ಣ ಎಲ್ಲ ಸಮೇತ. ‘ಫಿಲ್ಟರ್ ನೀರು’ ಅಂದರೆ ಹತ್ತಿರದ ಘಟಕದಿಂದ ಕ್ಯಾನ್ ತರುತ್ತಾರೆ. ತೊಟ್ಟಿಗೆ ಬೇಕಾದ್ದು ಹೆಚ್ಚುಕಡಿಮೆ ಏನೂ ಕರಗಿರದ ಆರ್‌ಓ ನೀರು. ಸಾವಿರ ಲೀಟರಿನಲ್ಲಿ 20 ಲೀಟರ್ ಬತ್ತಿದರೆ, ಲೀಟರಿಗೆ 35 ಗ್ರಾಂ ಇದ್ದ ಉಪ್ಪು 35.7 ಆಗುತ್ತೆ. ಒಂದು ದಿನಕ್ಕೆ ಏನೂ ಆಗೋದಿಲ್ಲ. ವಾರಗಟ್ಟಲೆ ತುಂಬದೆ ಬಿಟ್ಟರೆ ಹವಳ ಉಳಿಯೋದಿಲ್ಲ. ಬತ್ತಿದ್ದಕ್ಕೆ ಉಪ್ಪುನೀರು ಸುರಿದರೂ ಅಷ್ಟೇ, ಉಪ್ಪು ಏರುತ್ತಲೇ ಹೋಗುತ್ತೆ.

ಕಲಬುರಗಿಯಿಂದ:

ಆರ್‌ಓ ನೀರನ್ನು ಅವರು ಒಂದು ಬಿಳಿ ಡ್ರಮ್ಮಿನಲ್ಲಿ ತುಂಬಿಟ್ಟಿರುತ್ತಾರೆ. ‘ಬಿಳಿ ಡ್ರಮ್ಮಿನ ನೀರು ಮಾತ್ರ’ ಅಂತ ಬರೆದುಬಿಡುತ್ತೇನೆ.

ಚಿಲ್ಲರ್ ಏನು ಮಾಡಲಿ? ಕಲಬುರಗಿಯಲ್ಲಿ ಬಸ್ಸು ಹತ್ತಿದವರಿಗೆಲ್ಲ ‘ಚಿಲ್ಲರ್’ ಅಂದರೆ ಬಿಡಿ ಕಾಸು. ‘ಚಿಲ್ಲರ್ ಹಾಕಿ’ ಅಂತ ಬರೆದರೆ ನಗುತ್ತಾರೆ. ತೊಟ್ಟಿಗೆ ನಾಣ್ಯ ಹಾಕಿದರೂ ಹಾಕಿದರೇ. ತಾಮ್ರ ಇದ್ದರೆ ಹವಳದ ಜೊತೆ ಸಿಗಡಿಯೂ ಸಾಯುತ್ತೆ.

ಮೈಸೂರಿನಿಂದ:

ತಣಿಪುಕ.

ಬೀದರಿನಿಂದ:

ದಯವಿಟ್ಟು ಬೇಡ. ಧಾತುವಿನ ಹಿಂದೆ ಒಂದು ‘ಕ’ ಅಂಟಿಸಿದರೆ ಪದ ಆಗುತ್ತೆ ಅನ್ನೋದಾದರೆ ನಾವೆಲ್ಲ ಒಂದೇ ಮಧ್ಯಾಹ್ನದಲ್ಲಿ ನಿಘಂಟು ಬರೆದು ಮುಗಿಸಬಹುದು. ಮೇಲಾಗಿ ಆ ‘ಕ’ ಸಂಸ್ಕೃತದ ದಾರಿಯದು. ‘ಶೀತಕ’ವನ್ನು ತೆಗೆದು ಹಾಕಿ ಅದರ ಬಾಲ ಮಾತ್ರ ಇಟ್ಟುಕೊಂಡಿದ್ದೀರಿ.

ಮೈಸೂರಿನಿಂದ:

ಮಾಡುಗ, ನೋಡುಗ ಅನ್ನುವಾಗ ಬರುವ ‘ಗ’ ಕನ್ನಡದ್ದೇ. ‘ತಣಿಪುಗ’ ಅನ್ನಿ ಹಾಗಾದರೆ. ಆರ್ದ್ರತೆ, ಶೀತಕ, ಸಾಪೇಕ್ಷ, ಇವನ್ನು ಯಾವ ಮನೆಯಲ್ಲಿ ಮಾತಾಡುತ್ತಾರೆ? ಒಂದು ಕಡೆ ಸಂಸ್ಕೃತ, ಇನ್ನೊಂದು ಕಡೆ ಇಂಗ್ಲಿಷ್. ಕನ್ನಡ ಎಲ್ಲಿ ನಿಲ್ಲಬೇಕು?

ಯಾದಗಿರಿಯಿಂದ:

ಎಲ್ಲಿ ನಿಂತಿದೆಯೋ ಅಲ್ಲೇ. ನೀವು ಕಾಪಾಡಲು ಹೊರಟ ‘ಹವಳ’ವೇ ಸಂಸ್ಕೃತದ ಪ್ರವಾಳ. ಪವಳ ಆಗಿ, ಪ ಹೋಗಿ ಹ ಬಂದು ಹವಳ ಆಯಿತು. ‘ಹವಾಮಾನ’ದ ಹವಾ ಅರಬ್ಬಿಯದು, ಮಾನ ಸಂಸ್ಕೃತದ್ದು. ಅದಕ್ಕೆ ಯಾರೂ ಅರಿಸಮಾಸ ಅಂತ ಕೂಗೋದಿಲ್ಲ. ಏಪ್ರಿಲ್–ಮೇನಲ್ಲಿ ನಮ್ಮ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಂಥ ಬಿಸಿಲಿನ ಊರಲ್ಲಿ ತಣ್ಣಗೆ ಮಾಡುವ ಪೆಟ್ಟಿಗೆಗೆ ಜನ ಆಗಲೇ ‘ಕೂಲರ್’ ಅನ್ನುತ್ತಾರೆ. ‘ನೀರಿನ ಕೂಲರ್’ ಅಂದರೆ ಕುಡಿಯುವ ನೀರಿನದು ಅಂತ ಆಗುತ್ತೆ, ‘ತೊಟ್ಟಿಯ ಕೂಲರ್’ ಅನ್ನಿ.

ಸಂಪ್‌ಗೆ ಮಾತ್ರ ನಾನು ಮೈಸೂರಿನವರ ಪರ. ನಮ್ಮಲ್ಲಿ ಸಂಪ್ ಅಂದರೆ ನೆಲದೊಳಗಿನ ನೀರಿನ ಟ್ಯಾಂಕು. ‘ಸಂಪ್‌ನ ಮುಚ್ಚಳ ಹಾಕಿ’ ಅಂದರೆ ಅಂಗಳಕ್ಕೆ ಹೋಗುತ್ತಾರೆ. ಇಲ್ಲಿ ಹೇಳುತ್ತಿರುವುದು ಗಾಜಿನ ತೊಟ್ಟಿಯ ಕೆಳಗೆ, ಕಪಾಟಿನೊಳಗೆ ಇರುವ ಸಣ್ಣ ತೊಟ್ಟಿ. ‘ಕೆಳತೊಟ್ಟಿ’ ಅನ್ನಿ.

ಬೀದರಿನಿಂದ:

ತೊಟ್ಟಿ ಯಾಕೆ? ನಮ್ಮ ಕಡೆ ‘ಹೌದು’ ಅನ್ನುವ ಪದ ಇದೆ, ಅರಬ್ಬಿ ಮೂಲದ ಹೌಜ್‌ನಿಂದ ಬಂದದ್ದು. ಬಹಮನಿಯವರ ಕಾಲದ ನೀರಿನ ಕೆಲಸ ಇನ್ನೂ ಕಣ್ಣಮುಂದಿದೆ. ನೌಬಾದಿನ ಕರೇಜ್ ನೋಡಿ, ನೆಲದೊಳಗೆ ನೀರು ಹರಿಸಿದ್ದಾರೆ. ಅದಕ್ಕೆ ಈಗ ‘ಸುರಂಗ ಬಾವಿ’ ಅನ್ನುತ್ತಾರೆ. ಸುರಂಗವಂತೂ ಗ್ರೀಕಿನಿಂದ ಸಂಸ್ಕೃತಕ್ಕೆ ಬಂದದ್ದು ಅಂತ ವಿದ್ವಾಂಸರ ಮಾತು. ಎರವಲು ಬೇಡ ಅನ್ನುವವರು ಆ ಬಾವಿಯ ಮುಂದೆ ನಿಂತು ಏನು ಮಾಡುತ್ತಾರೋ ನೋಡಬೇಕು.

ಮೈಸೂರಿನಿಂದ:

‘ಹೌದು’ ತೊಟ್ಟಿಯೂ ಹೌದು, ಒಪ್ಪಿಗೆಯೂ ಹೌದು. ‘ಹೌದಿನ ಮುಚ್ಚಳ’ ಅಂತ ಬರೆಯಿರಿ, ಚೆನ್ನಾಗಿರುತ್ತೆ.

ಕಲಬುರಗಿಯಿಂದ:

ಕರೇಜ್‌ಗೆ ಬೇರೆ ವಿಷಯ ತೆರೆಯಿರಿ ಸರ್, ನಾನೂ ಬರುತ್ತೇನೆ. ಪ್ರೆಸ್ಸಿಗೆ ಕಳಿಸಿದ್ದು ಇದು:

‘ತೊಟ್ಟಿಯ ನೀರು 27 ಡಿಗ್ರಿ ದಾಟಿದರೆ ಮೇಲಿನ ಫ್ಯಾನ್ ಹಾಕಿ. ನೀರು ಬತ್ತಿದಷ್ಟು ಗೆರೆಯವರೆಗೆ ತುಂಬಿ. ಬಿಳಿ ಡ್ರಮ್ಮಿನ ನೀರು ಮಾತ್ರ. ಗಾಳಿಯ ತೇವಾಂಶ 65 ದಾಟಿದರೆ ಎಕ್ಸಾಸ್ಟ್ ಹಾಕಿ. ಹೊರಗೆ ಮಳೆ ಇದ್ದರೆ ಎಕ್ಸಾಸ್ಟ್ ಬೇಡ. ಆಗಲೂ, ಎಕ್ಸಾಸ್ಟ್‌ಗೆ ಬಗ್ಗದಿದ್ದಾಗಲೂ ಫ್ಯಾನ್ ನಿಲ್ಲಿಸಿ, ತೊಟ್ಟಿಯ ಕೂಲರ್ ಹಾಕಿ, ಮೇಲಿನ ಮುಚ್ಚಳ ಮುಚ್ಚಿ. ಕೆಳತೊಟ್ಟಿಯ ಮುಚ್ಚಳ ಯಾವಾಗಲೂ ಹಾಕಿರಲಿ.’

ಸೇಡಂನವರು ಓದಿದರು. ‘ಗೆರೆ ಎಲ್ಲೈತ್ರೀ?’ ಅಂತ ಒಂದೇ ಪ್ರಶ್ನೆ ಕೇಳಿದರು. ಮಾರ್ಕರ್‌ನಿಂದ ಗಾಜಿನ ಮೇಲೆ ಗೆರೆ ಎಳೆಯಲು ಮಾಲೀಕರಿಗೆ ಹೇಳಿದ್ದೇನೆ.

ಎರಡನೇ ಹಾಳೆ ಮುಂದಿನ ವಾರ. ಅದರಲ್ಲಿ ಪ್ರೋಟೀನ್ ಸ್ಕಿಮ್ಮರ್ ಇದೆ, ನೀರಿಗೆ ಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯ ಜೊತೆ ಎತ್ತಿ ತೆಗೆಯುವ ಸಾಧನ. ಏನನ್ನೋಣ?

ಮೈಸೂರಿನಿಂದ:

ನೊರೆತೆಗೆಯುಗ.

ಯಾದಗಿರಿಯಿಂದ:

ಬೇಡ.