ಹಳೆ ಕಟ್ಟಿಗೆ ಬಾಯ್ಲರ್ ತೆಗೆದು ಸೋಲಾರ್ ಹಾಕ್ಸೋದಾ, ರಿಪೇರಿ ಮಾಡ್ಸೋದಾ? ಮಳೆ ಹಿಡಿಯೋ ಮೊದ್ಲು ಹೇಳಿ ಮಾರಾಯ್ರೆ

ಪರ್ಕಳದವ:

ಮನೆ ಪರ್ಕಳದ ಹತ್ರ, ಅಪ್ಪ ಅಮ್ಮ ಇಬ್ರೇ ಇರೋದು, ನಾವೆಲ್ಲ ಬೆಂಗ್ಳೂರು, ರಜೆಗೆ ಹೋದಾಗ ಆರು ಜನ ಆಗ್ತೇವೆ. ಹಿಂದ್ಗಡೆ ಬಚ್ಚಲಿಗೆ ತಾಗಿ ತಾಮ್ರದ ಕಟ್ಟಿಗೆ ಬಾಯ್ಲರ್ ಉಂಟು, ಮೊದ್ಲಿದ್ದ ಹಂಡೆ ತೆಗೆದು ಹಾಕಿದ್ದು, ಅದ್ರಿಂದ ಪೈಪ್ ಎಳ್ದು ಎರಡು ಬಾತ್‌ರೂಮಿಗೂ ಅಡುಗೆಮನೆ ಸಿಂಕಿಗೂ ಬಿಸಿನೀರು. ಈಗ ಅಡಿಯಲ್ಲಿ ಎಲ್ಲಿಂದಲೋ ಜಿನುಗ್ತದೆ, ಬೆಂಕಿ ಹಾಕಿದ್ರೆ ಚುಂಯ್ ಅಂತದೆ, ಬೆಳಿಗ್ಗೆ ನೋಡಿದ್ರೆ ಒಲೆ ಬೂದಿ ಎಲ್ಲ ಒದ್ದೆ. ಇನ್ನೊಂದು ಎಂತ ಅಂದ್ರೆ ಬಾತ್‌ರೂಮಿನ ಬಿಳಿ ಟೈಲ್ಸಲ್ಲಿ ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ, ಅಮ್ಮ ಎಷ್ಟು ತಿಕ್ಕಿದ್ರೂ ಹೋಗುದಿಲ್ಲ.

ಪ್ಲಂಬರ್ ಬಂದು ನೋಡಿ ಇದು ಗುಜ್ರಿಗೆ ಹಾಕಿ, ಸೋಲಾರ್ ಕೂರ್ಸಿ ಅಂತ ಹೇಳಿ ಹೋದ. ಅಪ್ಪ ಒಪ್ಪುದಿಲ್ಲ, ತೋಟದ ಗೆರಟೆ ಸಿಪ್ಪೆ ಮಡಲು ಎಲ್ಲ ಎಲ್ಲಿಗೆ ಬಿಸಾಡೋದು ಅಂತ ಅವ್ರ ವಾದ. ಅಮ್ಮನಿಗೆ ಹೊಗೆ ಸಾಕಾಗಿದೆ. ತಂಗಿ ಹೀಟ್ ಪಂಪ್ ಅಂತ ಎಂತದೋ ಲಿಂಕ್ ಕಳಿಸಿದ್ದಾಳೆ. ನನಗೆ ಮಂಡೆ ಬಿಸಿ. ಉಡುಪಿ ಮಂಗ್ಳೂರು ಕಡೆ ಹಾಕ್ಸಿದವ್ರು ಯಾರಾದ್ರೂ ಇದ್ರೆ ಹೇಳಿ, ಹಾಕ್ಸಿದ ಮೇಲೆ ಎಂತೆಲ್ಲ ನೋಡ್ಕೊಳ್ಬೇಕು ಅಂತಲೂ.

ಕಿನ್ನಿಗೋಳಿ ಭಟ್:

ಸೋಲಾರ್ ಕೆಟ್ಟದ್ದು ಅಂತ ನಾನು ಹೇಳುದಿಲ್ಲ, ನಮ್ಮಲ್ಲೂ ಉಂಟು. ಆದ್ರೆ ಒಂದು ಮಾತು ಯೋಚ್ನೆ ಮಾಡಿ, ನಮ್ಮೂರಲ್ಲಿ ಬಿಸಿನೀರು ಬೇಕಾಗೋದು ಯಾವಾಗ? ಏಪ್ರಿಲ್ ಮೇ ತಿಂಗ್ಳಲ್ಲಿ ಟ್ಯಾಂಕಿನ ನೀರೇ ಮೈ ಸುಡ್ತದೆ, ಆಗ ಸೋಲಾರ್ ನೀರು ಕುದಿಯುವಷ್ಟು ಬಿಸಿ, ಕೇಳುವವ್ರಿಲ್ಲ. ಜೂನಿಂದ ಸೆಪ್ಟೆಂಬರ್ ತನಕ, ಅದ್ರಲ್ಲೂ ಆಟಿ ತಿಂಗ್ಳಲ್ಲಿ (ಜುಲೈ-ಆಗಸ್ಟ್) ವಾರಗಟ್ಟಲೆ ಸೂರ್ಯನ ಮುಖ ಕಾಣದಾಗ ಬಿಸಿನೀರು ಬೇಕು, ಆಗ ಸೋಲಾರ್ ಬರೀ ಟ್ಯಾಂಕ್. ಒಳಗೆ ಕರೆಂಟ್ ಹೀಟರ್ ಹಾಕಿ ಕೊಡ್ತಾರೆ ಸರಿ, ಆದ್ರೆ ಅದು 200 ಲೀಟರ್ ಟ್ಯಾಂಕಾದ್ರೆ ಇಬ್ರ ಸ್ನಾನಕ್ಕೆ ಇಡೀ ಟ್ಯಾಂಕ್ ಕಾಯಿಸಿದ ಹಾಗೆ ಆಗ್ತದೆ. ಮತ್ತೆ ಗಾಳಿಮಳೆಗೆ ಮರ ಬಿದ್ದು ಮೆಸ್ಕಾಂ ಕರೆಂಟ್ ಹೋದ್ರೆ ಅದೂ ಇಲ್ಲ. ಹಾಗಾಗಿ ನಿಮ್ಮ ಅಪ್ಪ ಹೇಳೋದ್ರಲ್ಲಿ ನ್ಯಾಯ ಉಂಟು.

ಒಟ್ಟಾರೆ ಸೋಲಾರ್ ಹಾಕ್ಸುದೇ ಆದ್ರೆ ಗಾಜಿನ ಟ್ಯೂಬಿನದ್ದು ಅಗ್ಗ, ತಾಮ್ರದ ಪ್ಯಾನೆಲ್ ಇರೋ ಫ್ಲಾಟ್ ಪ್ಲೇಟ್ ದುಬಾರಿ ಆದ್ರೆ ಬಾಳಿಕೆ ಜಾಸ್ತಿ. ಟ್ಯೂಬಿನದ್ದಕ್ಕೆ ಒಂದು ಎಚ್ಚರಿಕೆ, ನೀರು ಖಾಲಿಯಾಗಿ ಮಧ್ಯಾಹ್ನದ ಬಿಸ್ಲಲ್ಲಿ ಒಣಗಿ ನಿಂತ ಟ್ಯೂಬಿಗೆ ತಣ್ಣೀರು ಬಿಟ್ರೆ ಗಾಜು ಟಪ್ ಅಂತ ಒಡೀತದೆ. ಸಂಜೆ ತಣಿದ ಮೇಲೆ ತುಂಬ್ಸಿ.

ಬ್ರಹ್ಮಾವರ ಪೈಪ್‌ರೇಂಚ್:

ಪ್ಲಂಬಿಂಗ್ ನನ್ನ ಕೆಲ್ಸ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಸೋಲಾರೋ ಗೀಸರೋ ಅನ್ನೋ ಮೊದ್ಲು ಆ ಹಸಿರು ಕಲೆ ನೋಡಿ ಮಾರಾಯ್ರೆ. ಅದು ತಾಮ್ರ ಕರಗಿ ಬಂದದ್ದು. ನಮ್ಮ ಕೆಂಪು ಕಲ್ಲಿನ ಬಾವಿ ನೀರು ಗಡಸಲ್ಲ, ಮೆತ್ತಗೆ, ಸೋಪು ಚೆನ್ನಾಗಿ ನೊರೆ ಬರ್ತದೆ, ಆದ್ರೆ ಸುಮಾರು ಕಡೆ ಹುಳಿ ಜಾಸ್ತಿ, ಪಿಎಚ್ 7ಕ್ಕಿಂತ ಕೆಳಗೆ. ಬಯಲುಸೀಮೆಯಲ್ಲಿ ಬಾಯ್ಲರಿಗೆ ಸುಣ್ಣದ ಪದರ ಕಟ್ಟಿ ಹಾಳಾದ್ರೆ ನಮ್ಮಲ್ಲಿ ನೀರೇ ಲೋಹ ತಿಂತದೆ. ನೀವು ಹೊಸತು ಎಂತ ಹಾಕಿದ್ರೂ ಅದೇ ನೀರು ಅದನ್ನೂ ತಿನ್ನೋದು. ಅಂಗಡಿಯಲ್ಲಿ ಪಿಎಚ್ ಪಟ್ಟಿ ಸಿಗ್ತದೆ, ಬಾವಿಯಿಂದ ಆಗ ಎಳ್ದ ನೀರಲ್ಲಿ ಅದ್ದಿ ನೋಡಿ. 6ರ ಹತ್ರ ಬಂದ್ರೆ ಲೈನಿಗೆ ಕ್ಯಾಲ್ಸೈಟ್ ಕಲ್ಲಿನ ಫಿಲ್ಟರ್ ಒಂದು ಹಾಕ್ಸಿ, ಅದು ನಿಧಾನ ಕರಗಿ ಹುಳಿ ತೆಗೀತದೆ, ಕಲ್ಲು ಕಮ್ಮಿಯಾದಾಗ ಮತ್ತೆ ತುಂಬ್ಸಬೇಕು ಅಷ್ಟೇ.

ಇನ್ನು ಜಿನುಗೋದು. ಒಲೆ ತಣಿದ ಮೇಲೆ ಬೂದಿ ಎಲ್ಲ ತೆಗೆದು, ಬೆಂಕಿ ತಾಗುವ ತಳಕ್ಕೆ ಟಾರ್ಚ್ ಹಾಕಿ ಕೈ ಆಡ್ಸಿ ನೋಡಿ. ಜೋಡಣೆ ಹತ್ರ ಒಂದೇ ಕಡೆ ಹಸಿರು ಗೀಟು ಇದ್ರೆ ಬೆಸುಗೆ ಹಾಕಿದ್ರೆ ಇನ್ನೂ ಓಡ್ತದೆ. ಸೂಜಿ ಚುಚ್ಚಿದ ಹಾಗೆ ಅಲ್ಲಲ್ಲಿ ಚುಕ್ಕಿ ಇದ್ರೆ ತಗಡೇ ತೆಳುವಾಗಿದೆ, ಬೆಸುಗೆ ದುಡ್ಡು ದಂಡ, ಇವತ್ತು ಇಲ್ಲಿ ಮುಚ್ಚಿದ್ರೆ ನಾಳೆ ಪಕ್ಕದಲ್ಲಿ. ಬದಲಿಸುದಾದ್ರೆ ಗುಜ್ರಿಯವ್ನಿಗೆ ಕೊಡುವಾಗ ತೂಕ ಮಾಡಿಯೇ ಕೊಡಿ, ತಾಮ್ರಕ್ಕೆ ಒಳ್ಳೆ ರೇಟ್ ಉಂಟು, ಹಳೇದು ಅಂತ ಪ್ಲಂಬರಿಗೆ ಸುಮ್ನೆ ಬಿಟ್ಟು ಕೊಡ್ಬೇಡಿ (ನಮ್ಮವ್ರು ನನಗೆ ಬೈತಾರೆ, ಬೈಲಿ).

ಹೊಗೆಗೆ ಹೊಣೆ ಚಿಮ್ನಿ. ಹಸಿ ಮಡಲು, ಒದ್ದೆ ಸಿಪ್ಪೆ ಉರಿಸಿದ್ರೆ ಒಳಗೆ ಡಾಂಬರಿನ ಹಾಗೆ ಕರಿ ಅಂಟ್ತದೆ, ಎಳೆತ ಕಮ್ಮಿಯಾಗಿ ಹೊಗೆ ಬಚ್ಚಲಿಗೇ ವಾಪಸ್. ಮಳೆಗಾಲಕ್ಕೆ ಮೊದ್ಲೊಮ್ಮೆ, ಮಧ್ಯದಲ್ಲೊಮ್ಮೆ ಬ್ರಷ್ ಹಾಕಿ ತೆಗೀರಿ, ಗೆರಟೆ ಒಣಗಿದ್ದು ಗೋಣಿಯಲ್ಲಿ ಕಟ್ಟಿ ಒಲೆ ಮೇಲಿನ ಅಟ್ಟಕ್ಕೆ ಹಾಕಿಡಿ.

ಎಲ್ಲಕ್ಕಿಂತ ದೊಡ್ಡ ವಿಷ್ಯ: ಬಾಯ್ಲರಿಂದ ಮೇಲೆ ಹೋಗುವ ಗಾಳಿ ಪೈಪ್ ಯಾವತ್ತೂ ತೆರೆದೇ ಇರ್ಬೇಕು, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗ್ಬೇಕು. ಅದಕ್ಕೆ ವಾಲ್ವ್ ಹಾಕೋದು, ನೀರು ಚೆಲ್ತದೆ ಅಂತ ಬಟ್ಟೆ ತುರ್ಕೋದು, ಶವರ್ ಜೋರು ಬರ್ಲಿ ಅಂತ ಪ್ರೆಷರ್ ಪಂಪನ್ನು ಈ ಲೈನಿಗೆ ಜೋಡ್ಸೋದು, ಮೂರೂ ಬೇಡ. ಹಬೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅದು ಬಾಯ್ಲರ್ ಅಲ್ಲ, ಗರ್ನಾಲು ಪಟಾಕಿ. ನೀರಿಲ್ಲದೆ ಬೆಂಕಿ ಹಾಕ್ಲೇಬಾರ್ದು ಅಂತ ಅಪ್ಪನಿಗೆ ಗೊತ್ತಿರ್ತದೆ, ಕೆಲ್ಸದವ್ರಿಗೂ ಹೇಳಿ.

ಸುರತ್ಕಲ್ ಗಾಳಿ:

ತಂಗಿ ಕಳಿಸಿದ ಲಿಂಕ್ ತಮಾಷೆ ಅಲ್ಲ. ಹೀಟ್ ಪಂಪ್ ಅಂದ್ರೆ ಫ್ರಿಡ್ಜು ಉಲ್ಟಾ, ಹೊರಗಿನ ಗಾಳಿಯ ಬಿಸಿ ಎಳ್ದು ನೀರಿಗೆ ಹಾಕ್ತದೆ. ನಮ್ಮಲ್ಲಿ ಮಳೆಗಾಲದಲ್ಲೂ ಗಾಳಿ 25 ಡಿಗ್ರಿ ಹತ್ರ ಇರೋದ್ರಿಂದ ಅದಕ್ಕೆ ಹೇಳಿ ಮಾಡ್ಸಿದ ಊರು. ಲೆಕ್ಕ ನೋಡಿ, 200 ಲೀಟರ್ ನೀರು 27ರಿಂದ 55 ಡಿಗ್ರಿಗೆ ತರ್ಲಿಕ್ಕೆ ಮಾಮೂಲಿ ಕರೆಂಟ್ ಹೀಟರಿಗೆ ಆರೂವರೆ ಯುನಿಟ್ ಬೇಕು, ಹೀಟ್ ಪಂಪಿಗೆ ಎರಡು ಎರಡೂಕಾಲು. ಆದ್ರೆ ಲಕ್ಷದ ಆಸುಪಾಸು ಬೆಲೆ, ಇಬ್ರೇ ಇರುವ ಮನೆಗೆ ಆ ದುಡ್ಡು ವಾಪಸ್ ಬರ್ಲಿಕ್ಕೆ ಎಷ್ಟು ವರ್ಷವೋ. ಆರು ಜನ ದಿನಾ ಇರುವ ಮನೆಗೆ, ಹೋಮ್‌ಸ್ಟೇಗೆ ಕಣ್ಣು ಮುಚ್ಚಿ ಹಾಕ್ಸಿ. ಸಮುದ್ರದ ಹತ್ರ ಆದ್ರೆ ಫಿನ್ನಿಗೆ (ಗಾಳಿ ಹಾಯುವ ತೆಳು ತಗಡಿನ ಎಲೆಗಳಿಗೆ) ಕೋಟಿಂಗ್ ಇದ್ದದ್ದೇ ತಗೊಳ್ಳಿ, ಉಪ್ಪು ಗಾಳಿಗೆ ಅಲ್ಯೂಮಿನಿಯಂ ಪುಡಿ ಪುಡಿ ಆಗ್ತದೆ, ಆಗಾಗ ಸಿಹಿ ನೀರಲ್ಲಿ ತೊಳೀಬೇಕು. ಪರ್ಕಳಕ್ಕೆ ಅಷ್ಟು ತೊಂದ್ರೆ ಇಲ್ಲ.

ಕಂಕನಾಡಿ ಅಕ್ಕ:

ಯಾರೋ ಬಂದು ಗ್ಯಾಸ್ ಗೀಸರ್ ಅಗ್ಗ ಅಂತ ಹೇಳೇ ಹೇಳ್ತಾರೆ, ಅದಕ್ಕೆ ಮೊದ್ಲೇ ಹೇಳ್ತೇನೆ, ಬಾತ್‌ರೂಮ್ ಒಳಗೆ ಮಾತ್ರ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದ್ರೆ ವಾಸ್ನೆಯೂ ಬರುದಿಲ್ಲ, ತಲೆ ತಿರುಗಿ ಬಿದ್ದ ಮೇಲೇ ಗೊತ್ತಾಗೋದು. ವಯಸ್ಸಾದವ್ರು ಇಬ್ರೇ ಇರುವ ಮನೆ ಬೇರೆ.

ಪರ್ಕಳದವ:

ಎಲ್ರಿಗೂ ಥ್ಯಾಂಕ್ಸ್. ಅಪ್ಪನ ಹತ್ರ ಪಿಎಚ್ ಪಟ್ಟಿ ತರ್ಸಿ ನೋಡಿದೆ, ವಿಡಿಯೋ ಕಾಲಲ್ಲಿ ಬಣ್ಣ ನೋಡಿದ್ರೆ ಐದೂವರೆ ಆರರ ಮಧ್ಯೆ. ತಳದಲ್ಲಿ ಚುಕ್ಕಿ ಇಲ್ಲ, ಜೋಡಣೆ ಹತ್ರ ಒಂದೇ ಗೀಟು. ಹಾಗಾದ್ರೆ ಫಿಲ್ಟರ್ ಹಾಕಿ, ಬೆಸುಗೆ ಮಾಡ್ಸಿ, ಅಮ್ಮನಿಗೆ ಒಳಗಿನ ಬಾತ್‌ರೂಮಿಗೆ ಸಣ್ಣ ಗೀಸರ್ ಒಂದು ಸಾಕಾ ಪೈಪ್‌ರೇಂಚಣ್ಣ? ಸೋಲಾರ್ ಸದ್ಯಕ್ಕೆ ಬಿಡ್ತೇನೆ.

ಬ್ರಹ್ಮಾವರ ಪೈಪ್‌ರೇಂಚ್:

ಧಾರಾಳ ಸಾಕು. 15 ಲೀಟರ್ ತಗೊಳ್ಳಿ, ಸ್ಟಾರ್ ನೋಡಿ, ಒಳಗೆ ಗಾಜಿನ ಲೇಪ ಇರುವ ಟ್ಯಾಂಕ್. ಅದ್ರ ಒಳಗೆ ಮೆಗ್ನೀಸಿಯಂ ಸರಳು ಒಂದು ಇರ್ತದೆ, ಆನೋಡ್ ಅಂತಾರೆ, ಟ್ಯಾಂಕಿನ ಬದ್ಲು ತಾನು ಸವೀಲಿಕ್ಕೇ ಇರೋದು. ನಿಮ್ಮ ನೀರಿಗೆ ಅದು ಬೇಗ ಖಾಲಿಯಾಗ್ತದೆ, ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಸಪೂರ ಆಗಿ ನಡುವಿನ ತಂತಿ ಕಂಡ್ರೆ ಬದಲಿಸಿ, ಸಣ್ಣ ಖರ್ಚು. ಇದನ್ನು ಸರ್ವಿಸಿನವ್ನು ತಾನಾಗಿ ಹೇಳುದಿಲ್ಲ, ನೀವೇ ಕೇಳ್ಬೇಕು. ಥರ್ಮೋಸ್ಟಾಟ್ 60ಕ್ಕೆ ಇಡಿ. 16 ಆಂಪಿಯರ್ ಪಾಯಿಂಟ್ ಬೇಕು, ಅರ್ತ್ ಸರಿ ಉಂಟಾ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡ್ಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು) ಇಲ್ಲದಿದ್ರೆ ಅದನ್ನು ಮೊದ್ಲು ಹಾಕ್ಸಿ, ಗೀಸರ್ ಆಮೇಲೆ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪ್, ಮಾಮೂಲಿ ಪಿವಿಸಿ ಹಾಕಿದ್ರೆ ಮೆತ್ತಗಾಗಿ ಜೋತು ಬೀಳ್ತದೆ. ಮತ್ತೆ ಬೆಸುಗೆಯವ್ರನ್ನು ಈಗ್ಲೇ ಹೇಳಿ ಇಡಿ, ಮೇ ಕೊನೆಗೆ ಫೋನ್ ಮಾಡಿದ್ರೆ ಯಾರೂ ಎತ್ತುದಿಲ್ಲ, ನಾನೂ ಸೇರಿ.