ಪೆಟ್ರೋಲ್ ಕಾಕ್ ಆಫ್ ಮಾಡಿದ್ದರೂ ಶೆಡ್ ತುಂಬಾ ವಾಸನೆ, ಆಯಿಲ್ ಮಟ್ಟವೂ ಏರಿದೆ

ಹಳೆಗಾಡಿ:
ನನ್ನದು ಕಾರ್ಬೊರೇಟರ್ ಇರುವ ಹಳೆಯ ಸಿಂಗಲ್ ಸಿಲಿಂಡರ್ ಬೈಕ್. ಕೈಯಲ್ಲಿ ತಿರುಗಿಸುವ ಕಾಕ್, ಆನ್, ಆಫ್, ರಿಸರ್ವ್ ಇರುವಂಥದ್ದು. ರಾತ್ರಿ ಆಫ್ ಮಾಡಿಯೇ ನಿಲ್ಲಿಸುತ್ತೇನೆ. ಆದರೂ ಬೆಳಿಗ್ಗೆ ಬಾಗಿಲು ತೆಗೆದರೆ ಪೆಟ್ರೋಲ್ ಘಾಟು. ಒಮ್ಮೊಮ್ಮೆ ಕಾರ್ಬೊರೇಟರ್ ಕೆಳಗಿನ ಪೈಪಿನಿಂದ ತೊಟ್ಟಿಕ್ಕಿರುತ್ತದೆ, ಒಮ್ಮೊಮ್ಮೆ ನೆಲ ಒಣಗಿಯೇ ಇರುತ್ತದೆ. ಈಗ ನೋಡಿದರೆ ಇಂಜಿನ್ ಆಯಿಲ್ ಮೇಲಿನ ಗೆರೆ ದಾಟಿದೆ. ನಾನು ಹೊಸದಾಗಿ ಹಾಕಿಯೇ ಇಲ್ಲ. ಹೊಸ ಕಾಕ್ ಸಿಗುವವರೆಗೆ ಓಡಿಸಬಹುದಾ?

ಸ್ಪ್ಯಾನರ್‌ಸೆಟ್:
ಓಡಿಸಬೇಡಿ ಸರ್. ಸ್ಟಾರ್ಟ್ ಕೂಡ ಮಾಡಬೇಡಿ. ನೆಲ ಒಣಗಿದ್ದಾಗ ಪೆಟ್ರೋಲ್ ಇಂಜಿನ್ ಒಳಗೆ ಇಳಿದಿದೆ, ಅದಕ್ಕೇ ಆಯಿಲ್ ಮಟ್ಟ ಏರಿದ್ದು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದೇ ಬರುತ್ತದೆ.

ಟ್ಯಾಂಕಿಗೂ ಇಂಜಿನ್‌ಗೂ ನಡುವೆ ಎರಡು ತಡೆ ಇವೆ. ಒಂದು ಕಾಕ್, ಇನ್ನೊಂದು ಕಾರ್ಬೊರೇಟರ್ ಒಳಗಿನ ಫ್ಲೋಟ್ ನೀಡಲ್. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ತುಂಬುತ್ತಿದ್ದಂತೆ ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು ನೀಡಲನ್ನು ಒತ್ತಿ ದಾರಿ ಮುಚ್ಚುತ್ತದೆ. ಕಾಕ್ ಒಂದೇ ಕೆಟ್ಟಿದ್ದರೆ ನೀಡಲ್ ತಡೆದುಕೊಳ್ಳುತ್ತಿತ್ತು. ನಿಮ್ಮ ಗಾಡಿಯಲ್ಲಿ ಎರಡೂ ಬಿಟ್ಟುಕೊಟ್ಟಿವೆ. ತುಂಬಿದ ಬೌಲ್‌ನಿಂದ ಓವರ್‌ಫ್ಲೋ ಪೈಪಿನಲ್ಲಿ ಹೊರಗೆ ಬಂದರೆ ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ ಸಿಲಿಂಡರಿಗೆ ಹೋಗುತ್ತದೆ, ಅಲ್ಲಿಂದ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಕೆಳಗೆ ಆಯಿಲ್‌ಗೆ ಸೇರುತ್ತದೆ.

ಪೆಟ್ರೋಲ್ ಬೆರೆತ ಆಯಿಲ್ ತೆಳ್ಳಗಾಗಿ ಬೇರಿಂಗ್‌ಗಳನ್ನು ಕಾಯುವ ಶಕ್ತಿ ಕಳೆದುಕೊಳ್ಳುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ನಿಂತಿರುವಾಗ ಸೆಲ್ಫ್ ಒತ್ತಿದರೆ ಇನ್ನೂ ಕೆಟ್ಟದು. ಗಾಳಿಯ ಹಾಗೆ ದ್ರವ ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದು ಅದಕ್ಕೆ ಗುದ್ದಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು.

ಇಂಜಿನ್ ಹೋದರೆ ಇನ್ನೊಂದು ತರಬಹುದು. ನನಗೆ ಭಯ ಇರುವುದು ನಿಮ್ಮ ಶೆಡ್ ಬಗ್ಗೆ. ಪೆಟ್ರೋಲ್ ಆವಿ ಗಾಳಿಗಿಂತ 3-4 ಪಟ್ಟು ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ, ಬಾಗಿಲ ಕೆಳಗಿನ ಸಂದಿಯಲ್ಲಿ ಪಕ್ಕದ ಕೋಣೆಗೂ ನುಗ್ಗುತ್ತದೆ. ಸುಮಾರು ಮೈನಸ್ 40 ಡಿಗ್ರಿಯ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ದೂರದಲ್ಲಿರುವ ಗ್ಯಾಸ್ ಗೀಸರ್‌ನ ಸಣ್ಣ ಉರಿ ಸಾಕು. ಘಾಟು ಬಂದಾಗ ಲೈಟ್ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಬಾಗಿಲು, ಕಿಟಕಿ ತೆಗೆದಿಟ್ಟು, ಗಾಡಿಯನ್ನು ಹೊರಗೆ ತಳ್ಳಿ.

ಗೇರ್‌ಲಿವರ್:
ನನಗೂ ಹೀಗೇ ಆಗುತ್ತಿತ್ತು. ಓವರ್‌ಫ್ಲೋ ಪೈಪಿಗೆ ಒಂದು ಬೋಲ್ಟ್ ತುರುಕಿದೆ, ಸೋರಿಕೆ ನಿಂತಿತು. ಸುಮ್ನೆ ಯಾಕೆ ಖರ್ಚು?

ಸ್ಪ್ಯಾನರ್‌ಸೆಟ್:
ದಯವಿಟ್ಟು ಆ ಬೋಲ್ಟನ್ನು ಇವತ್ತೇ ತೆಗೆಯಿರಿ. ಸೋರಿಕೆ ನಿಂತಿಲ್ಲ, ಹೊರಗೆ ಬರುತ್ತಿದ್ದುದು ಒಳಗೆ ತಿರುಗಿದೆ ಅಷ್ಟೆ. ನೀಡಲ್ ಕೈಕೊಟ್ಟಾಗ ಪೆಟ್ರೋಲ್ ಇಂಜಿನ್ ಕಡೆ ಹೋಗದಿರಲಿ ಅಂತಲೇ ಆ ಪೈಪ್ ಕೊಟ್ಟಿರುವುದು. ನಿಮ್ಮ ಗಾಡಿಯ ಆಯಿಲ್ ಕೂಡ ಒಮ್ಮೆ ನೋಡಿ.

ಮಳೆಸವಾರಿ:
ನನ್ನ ಬೈಕಿನ ಕಾಕ್‌ನಲ್ಲಿ ಆಫ್ ಅನ್ನುವುದೇ ಇಲ್ಲ. ಆನ್, ರಿಸರ್ವ್, ಪ್ರೈಮ್ ಅಷ್ಟೇ. ಇದು ಹೇಗೆ ನಿಲ್ಲುತ್ತದೆ?

ಸ್ಪ್ಯಾನರ್‌ಸೆಟ್:
ಅದು ವ್ಯಾಕ್ಯೂಮ್ ಕಾಕ್. ಇಂಜಿನ್ ಓಡುವಾಗ ಅದು ಎಳೆಯುವ ಗಾಳಿಯ ಬಲಕ್ಕೆ ಒಳಗಿನ ರಬ್ಬರ್ ಡಯಾಫ್ರಂ ಸರಿದು ದಾರಿ ಬಿಡುತ್ತದೆ. ಇಂಜಿನ್ ನಿಂತರೆ ಸ್ಪ್ರಿಂಗ್ ಮುಚ್ಚುತ್ತದೆ. ಪ್ರೈಮ್‌ನಲ್ಲಿ ಮಾತ್ರ ಯಾವ ತಡೆಯೂ ಇಲ್ಲ, ಹಾಗೇ ಬಿಟ್ಟು ಮಲಗಬೇಡಿ. ಡಯಾಫ್ರಂ ಹರಿದರೆ ಪೆಟ್ರೋಲ್ ಆ ತೆಳು ವ್ಯಾಕ್ಯೂಮ್ ಪೈಪಿನಲ್ಲೇ ನೇರವಾಗಿ ಇಂಜಿನ್‌ಗೆ ಹೋಗುತ್ತದೆ. ಫ್ಲೋಟ್ ನೀಡಲ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಆ ಪೈಪ್ ಬಿಚ್ಚಿ ನೋಡಿ. ಒಳಗೆ ಒದ್ದೆ ಇದ್ದರೆ ಡಯಾಫ್ರಂ ಹೋಗಿದೆ.

ಹಳೆಗಾಡಿ:
ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಇದೆ. ಗಾಡಿ ಹೊರಗೆ ತಂದಿದ್ದೇನೆ. ಕಾಕ್ ಕೆಟ್ಟಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಸ್ಪ್ಯಾನರ್‌ಸೆಟ್:
ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಬೆಂಕಿಯಿಂದ ದೂರ ಮಾಡಿ. ಕಾಕ್ ಆಫ್ ಇಟ್ಟು ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ ಒಣ ಡಬ್ಬಿಗೆ ಇಳಿಬಿಡಿ. ಪೈಪಿನಲ್ಲಿ ಉಳಿದದ್ದು ಮೊದಲು ಸುರಿದುಹೋಗಲಿ. ಆಮೇಲೂ ತೊಟ್ಟಿಕ್ಕುತ್ತಿದ್ದರೆ ಕಾಕ್ ಹಿಡಿಯುತ್ತಿಲ್ಲ.

ನಂತರ ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿ. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿರಬಹುದು, ಅದರ ಮೇಲೆ ಗೆರೆ ಬಿದ್ದಿರಬಹುದು. ಎಥನಾಲ್ ಬೆರೆತ ಪೆಟ್ರೋಲ್ ಹಳೇ ಕಾಲದ ರಬ್ಬರನ್ನು ಬೇಗ ಹಾಳುಮಾಡುತ್ತದೆ. ಟ್ಯಾಂಕಿಗೂ ಕಾಕ್‌ಗೂ ನಡುವಿನ ಓ-ರಿಂಗ್ ಕೂಡ ಬದಲಿಸಿ. ಸ್ಕ್ರೂ ಜಾಸ್ತಿ ಬಿಗಿದರೆ ಕಾಕ್ ಸೊಟ್ಟಗಾಗಿ ಮತ್ತೆ ಸೋರುತ್ತದೆ. ಸಾಮಾನ್ಯ ಗ್ಯಾಸ್ಕೆಟ್ ಪೇಸ್ಟ್ ಬಳಿಯಬೇಡಿ, ಪೆಟ್ರೋಲ್‌ಗೆ ಅದು ಕರಗಿ ಕಾರ್ಬೊರೇಟರಿನ ಜೆಟ್‌ಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಹೋಗಿ ಕೂರುತ್ತದೆ. ಫ್ಲೋಟ್ ನೀಡಲ್ ತುದಿಯಲ್ಲಿ ಸುತ್ತ ಗೆರೆ ಕಂಡರೆ ಅದನ್ನೂ ಬದಲಿಸಿ.

ಹಳೆಗಾಡಿ:
ಬಿಚ್ಚಿದೆ ಸರ್. ವಾಷರ್ ಕಲ್ಲಿನಂತಾಗಿದೆ. ಕಾಕ್ ಒಳಗೆ ಕಂದು ಬಣ್ಣದ ಪುಡಿ ಇದೆ. ನೀಡಲ್ ತುದಿಯಲ್ಲೂ ಅದೇ.

ಸ್ಪ್ಯಾನರ್‌ಸೆಟ್:
ಅದು ಟ್ಯಾಂಕಿನ ತುಕ್ಕು. ಎರಡೂ ತಡೆಗಳು ಕೆಡಲು ಅದೂ ಕಾರಣ. ಮೊದಲು ಟ್ಯಾಂಕ್ ಒಳಗಿನ ತುಕ್ಕು ತೆಗೆಸಿ, ಪೂರ್ತಿ ಒಣಗಿಸಿ. ಇಲ್ಲದಿದ್ದರೆ ಹೊಸ ವಾಷರ್ ಮೇಲೂ ಅದೇ ಪುಡಿ ಗೀಚುತ್ತದೆ. ಕಾಕ್ ಮೇಲಿನ ಜಾಲರಿ ಹರಿದಿದೆಯಾ ನೋಡಿ. ಕೊನೆಗೆ ಹಳೇ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಇದ್ದರೆ ಬದಲಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಕೀ ಆಫ್‌ನಲ್ಲೇ ಇಟ್ಟು, ಮೆಲ್ಲಗೆ ಕಿಕ್ ಮಾಡಿ ಸಿಲಿಂಡರಿನಲ್ಲಿ ಉಳಿದ ಪೆಟ್ರೋಲ್ ಹೊರಗೆ ತಳ್ಳಿ. ಪ್ಲಗ್ ತೂತಿನ ಎದುರು ಮುಖ ಇಡಬೇಡಿ. ಅದೆಲ್ಲ ಆರಿ, ವಾಸನೆ ಹೋದ ಮೇಲೆಯೇ ಪ್ಲಗ್ ಹಾಕಿ. ಹೊಸ ಆಯಿಲ್ ಹಾಕಿ, ಡಬ್ಬಿಯ ಪರೀಕ್ಷೆ ಇನ್ನೊಮ್ಮೆ ಮಾಡಿ, ಹನಿ ಬೀಳದಿದ್ದರೆ ಮಾತ್ರ ಸ್ಟಾರ್ಟ್ ಮಾಡಿ.